ಚಪ್ಪಲಿ ಇಡುವ ಮೊದಲು ಚಪ್ಪಲಿ ಒಣಗಬೇಕು

ಬೆಳಗಾವಿಯ ಮನೆಗಳ ಮುಂಬಾಗಿಲಿಗೆ ವರ್ಷದಲ್ಲಿ ಎರಡು ಸಲ ಬೇರೆ ಬೇರೆ ಸಾಮಾನು ಬಂದು ಸೇರುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದಂದಿನಿಂದ ಗಣಪತಿ ಹಬ್ಬ ಮುಗಿಯುವವರೆಗೆ ರೇನ್‌ಕೋಟು, ಛತ್ರಿ, ಕೆಸರು ಮೆತ್ತಿದ ಬೂಟು, ರಬ್ಬರ್ ಚಪ್ಪಲಿ. ದೀಪಾವಳಿ ದಾಟಿದ ಮೇಲೆ ಸ್ವೆಟರು, ಜರ್ಕಿನ್ನು, ಮಫ್ಲರು, ಉಣ್ಣೆಯ ಟೊಪ್ಪಿಗೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದ್ದು, ಖಾನಾಪುರದ ಕಾಡೂ ಅದರಾಚೆಯ ಘಟ್ಟವೂ ಹತ್ತಿರದಲ್ಲೇ ಇರುವುದರಿಂದ, ಇಲ್ಲಿಯ ಮಳೆ ಒಮ್ಮೆ ರಪ್ಪನೆ ಹೊಡೆದು ಹೋಗುವಂಥದ್ದಲ್ಲ. ಜುಲೈ ತಿಂಗಳಲ್ಲಿ ಜಿಟಿಜಿಟಿ ಹಿಡಿದರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ವಿಜಯಪುರದ ಕಡೆಯಿಂದ ಆ ದಿನಗಳಲ್ಲಿ ಬರುವ ನಮ್ಮ ಬೀಗರು ಮೊದಲು ಕೇಳುವ ಪ್ರಶ್ನೆ, "ಅಲ್ರೀ, ನಿಮ್ಮೂರಾಗ ಅರಿವಿ ಹೆಂಗ ಒಣಗತಾವ್ರಿ?" ಎಂಬುದು. ಅರಿವೆಗಳ ಮಾತು ಹಾಗಿರಲಿ. ಬೂಟು ಮತ್ತು ರೇನ್‌ಕೋಟುಗಳ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ ನಮ್ಮ ಮನೆಯ ಮುಂಬಾಗಿಲನ್ನು ಹೊಂದಿಸಿದ ಕಥೆ.

ನಮ್ಮದು ತಿಲಕವಾಡಿಯ ಎರಡನೆಯ ರೇಲ್ವೆ ಗೇಟಿನ ಆಚೆಗಿರುವ ಹಳೆಯ ಮನೆ. ಮುಂದೆ ಒಂಬತ್ತು ಫೂಟು ಉದ್ದ, ನಾಲ್ಕೂವರೆ ಫೂಟು ಅಗಲದ ಪಡಸಾಲೆ, ಅದಕ್ಕೆ ಕಬ್ಬಿಣದ ಗ್ರಿಲ್ಲು, ನೆಲಕ್ಕೆ ಶಹಾಬಾದಿ ಫರಶಿ, ಒಂದು ಮೂಲೆಯಲ್ಲಿ ಕಾಲು ತೊಳೆಯುವ ನಲ್ಲಿ. ಮನೆಯ ಮುಖ ಪಡುವಣಕ್ಕೆ ಇರುವುದರಿಂದ ನೈಋತ್ಯದ ಗಾಳಿಯೊಂದಿಗೆ ಬರುವ ಮಳೆಯ ಎರಚಲು ಗ್ರಿಲ್ಲಿನೊಳಗಿಂದ ಎರಡು ಫೂಟಿನವರೆಗೆ ಒಳಬರುತ್ತದೆ. ಈ ಪಡಸಾಲೆಯಲ್ಲಿ ಒಂದು ತಗಡಿನ ಚಪ್ಪಲಿ ಸ್ಟ್ಯಾಂಡ್ ಮತ್ತು ಬಾಗಿಲುಗಳಿದ್ದ ಒಂದು ರೆಡಿಮೇಡ್ ಶೂ ಕಪಾಟು ಬಹಳ ವರ್ಷಗಳಿಂದ ಇದ್ದವು. ಸ್ಟ್ಯಾಂಡಿನ ವೆಲ್ಡಿಂಗ್ ಮಾಡಿದ ಸಂದುಗಳು ತುಕ್ಕು ಹಿಡಿದು ಫರಶಿಯ ಮೇಲೆ ನಾಲ್ಕು ಕಂದು ಉಂಗುರಗಳು ಮೂಡಿದ್ದವು. ಕಪಾಟು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯದ್ದಾಗಿದ್ದು, ಅದರ ಅಂಚುಗಳು ನೀರು ಕುಡಿದು ಉಬ್ಬಿ, ಕೆಳಗಿನ ಬಾಗಿಲು ಮುಚ್ಚದಂತಾಗಿತ್ತು. ಅಂಥ ಹಲಗೆ ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ. ಆದರೆ ಅದನ್ನು ಹೊರಹಾಕಲು ನನಗೆ ಸಿಕ್ಕ ಕಾರಣ ಹಲಗೆಯಲ್ಲ, ವಾಸನೆ. ಒದ್ದೆ ಬೂಟನ್ನು ಒಳಗಿಟ್ಟು ಬಾಗಿಲು ಹಾಕಿದರೆ ಮರುದಿನ ಬೆಳಿಗ್ಗೆ ತೆರೆಯುವ ಹೊತ್ತಿಗೆ ಒಳಗಿನ ಗಾಳಿ ಮೂಗಿಗೆ ಹೊಡೆಯುತ್ತಿತ್ತು.

ಹೊಸದನ್ನು ಮಾಡಿಸುವ ಮೊದಲು ಮನೆಯ ಎಲ್ಲ ಕಾಲ್ಮರಿಗಳನ್ನೂ ಪಡಸಾಲೆಯ ನೆಲದ ಮೇಲೆ ಹರಡಿ ನೋಡಿದೆ. ಐದು ಜನರ ಮನೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜೊತೆಗಳು ಹೊರಟವು. ಆದರೆ ದಿನವೂ ಕಾಲಿಗೆ ಹೋಗುವಂಥವು ಅರ್ಧಕ್ಕಿಂತ ಕಡಿಮೆ. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ನನ್ನ ಯಜಮಾನರ ಸೇಫ್ಟಿ ಶೂಗಳು ಉಕ್ಕಿನ ಮೂತಿಯವು, ಜೊತೆಯೊಂದು ಕಿಲೋಗಿಂತ ಹೆಚ್ಚು ತೂಗುತ್ತದೆ, ಹನ್ನೆರಡೂವರೆ ಇಂಚು ಉದ್ದ, ಅಟ್ಟೆಯ ಗೆರೆಗಳಲ್ಲಿ ಯಾವಾಗಲೂ ಕಪ್ಪು ಉಸುಕು. ಮಗಳಿಗೆ ವಾರಕ್ಕೆ ಐದು ದಿನ ಕಪ್ಪು ಬೂಟು, ಶನಿವಾರ ಬಿಳಿಯ ಕ್ಯಾನ್ವಾಸು. ನನ್ನವು ಬ್ಯಾಂಕಿಗೆ ಹೋಗುವ ಎರಡು ಜೊತೆ ಮತ್ತು ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿ. ಅತ್ತೆಯವರಿಗೆ ಮೊಣಕಾಲು ನೋವು ಇರುವುದರಿಂದ ಮೆತ್ತನೆಯ ಹಿಂಬದಿ ಪಟ್ಟಿಯ ಚಪ್ಪಲಿ. ಮಾವನವರವು ಮಾತ್ರ ಬೇರೆಯೇ ಲೆಕ್ಕ: ಅಥಣಿಯಲ್ಲಿ ಹೊಲಿಸಿ ತಂದ ಕೊಲ್ಹಾಪುರಿ ಚಪ್ಪಲಿ, ಎರಡು ಜೊತೆ, ಅವುಗಳ ಮಾತು ಮುಂದೆ ಬರುತ್ತದೆ. ಬಳಸದೆ ಉಳಿದವುಗಳಲ್ಲಿ ಕೆಲವನ್ನು ಕೊಟ್ಟುಬಿಟ್ಟೆವು, ಮದುವೆ ಮುಂಜಿವೆಗಳಿಗಷ್ಟೇ ಬೇಕಾಗುವಂಥವು ಡಬ್ಬಿಯೊಳಗೆ ಮಾಳಿಗೆ ಸೇರಿದವು. ಮುಂಬಾಗಿಲಲ್ಲಿ ಇರಬೇಕಾದದ್ದು ಈ ವಾರ ಹಾಕಿಕೊಳ್ಳುವಂಥದ್ದು ಮಾತ್ರ ಎಂದು ನಿಶ್ಚಯಿಸಿದ ಮೇಲೆ ಬೇಕಾದ ಕಪಾಟಿನ ಗಾತ್ರ ತಾನಾಗಿಯೇ ಅರ್ಧಕ್ಕೆ ಇಳಿಯಿತು.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮನೆಯವರು ಒಳಬರುವ ರೀತಿಯನ್ನು ಕೆಲವು ದಿನ ಗಮನಿಸಿದ್ದು. ಗಾಡಿ ನಿಲ್ಲಿಸಿ ಬರುವವರ ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದು ಕೈಯಲ್ಲಿ ಕೀಲಿಕೈ ಇರುತ್ತದೆ. ಮೈಮೇಲಿನ ರೇನ್‌ಕೋಟಿನಿಂದ ನೀರು ಸೋರುತ್ತಿರುತ್ತದೆ. ಹೆಲ್ಮೆಟ್ ಇಡದೆ ಕೋಟು ತೆಗೆಯಲು ಬರುವುದಿಲ್ಲ, ಕೋಟಿನ ಪ್ಯಾಂಟು ಜಾರಿಸದೆ ಬೂಟು ಬಿಚ್ಚಲು ಬರುವುದಿಲ್ಲ, ಬೂಟು ಬಿಚ್ಚಲು ಕೂಡ್ರಬೇಕು, ಬಿಚ್ಚಿದ ಮೇಲೆ ಕಾಲು ತೊಳೆಯಬೇಕು, ತೊಳೆದ ಕಾಲು ಮತ್ತೆ ಕೆಸರಿನ ಮೇಲೆ ಬೀಳಬಾರದು. ಹಳೆಯ ವ್ಯವಸ್ಥೆಯಲ್ಲಿ ಕೋಟಿನ ಮೊಳೆ ಬಾಗಿಲ ಪಕ್ಕದಲ್ಲಿತ್ತು, ಚಪ್ಪಲಿ ಸ್ಟ್ಯಾಂಡು ಗ್ರಿಲ್ಲಿನ ಬಳಿ ಎರಚಲಿಗೆ ಒಡ್ಡಿಕೊಂಡಿತ್ತು, ಕೂಡ್ರಲು ಏನೂ ಇರಲಿಲ್ಲ. ಹೀಗಾಗಿ ಎಲ್ಲರೂ ಪಡಸಾಲೆಯನ್ನು ಉದ್ದಕ್ಕೂ ತೋಯಿಸಿ ಬಾಗಿಲಿಗೆ ಬಂದು ಕೋಟು ತೆಗೆದು, ಒಂಟಿ ಕಾಲಲ್ಲಿ ಗೋಡೆ ಹಿಡಿದು ಬೂಟು ಬಿಚ್ಚಿ, ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಇದನ್ನು ಶಿಸ್ತಿಲ್ಲದ್ದು ಎಂದು ಬಯ್ಯುವುದು ಸುಲಭ. ಆದರೆ ಸ್ಟ್ಯಾಂಡು ಹಿಂದೆಯೇ ಉಳಿದುಹೋಗಿರುವಾಗ ಬೂಟು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ತಿರುಗಿ ಹೋಗುವವರು ಯಾರು? ಆದ್ದರಿಂದ ಗೇಟಿನಿಂದ ಹೊಸ್ತಿಲಿನವರೆಗಿನ ಸರತಿಯನ್ನೇ ನಕ್ಷೆಯಾಗಿ ಹಿಡಿದೆ: ಮೊದಲು ಹೆಲ್ಮೆಟ್ಟಿಗೊಂದು ಹಲಗೆ, ಅದರಡಿ ಕೋಟಿನ ಗೂಟಗಳು, ನಂತರ ಕಟ್ಟೆ, ಕಟ್ಟೆಯಡಿ ಒದ್ದೆ ಬೂಟು, ಆಮೇಲೆ ನಲ್ಲಿ, ಕೊನೆಗೆ ಹೊಸ್ತಿಲು.

ಹೊಸ್ತಿಲಿನ ವಿಷಯದಲ್ಲಿ ಅತ್ತೆಯವರದೂ ಒಂದು ಷರತ್ತು ಇತ್ತು. ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಷಿಣ ಕುಂಕುಮ ಏರಿಸಿ ರಂಗೋಲಿ ಹಾಕುವ ಜಾಗದ ಎದುರಿಗೆ ಚಪ್ಪಲಿ ಕಾಣಬಾರದು. "ದೀಪ ಹಚ್ಚಿ ಹೊರಗ ಬಂದ್ರ ಮೊದಲ ಚಪ್ಪಲಿ ಮಾರಿ ನೋಡಬೇಕೇನವಾ?" ಎಂದು ಅವರು ಕೇಳಿದ ಮಾತು ನನಗೆ ನ್ಯಾಯವಾಗಿಯೇ ಕಂಡಿತು. ಬಾಗಿಲಿನ ಎರಡೂ ಬದಿಗೆ ತಲಾ ಎರಡು ಫೂಟು ಬಿಟ್ಟು ಉಳಿದ ಗೋಡೆಯಲ್ಲಿ ಮಾತ್ರ ಕೆಲಸ ಮಾಡಬೇಕೆಂದಾಯಿತು. ಬಾಗಿಲು ಒಳಗೆ ತೆರೆಯುವಂಥದ್ದಾದ್ದರಿಂದ ಅದರ ರೆಕ್ಕೆಗೆ ಹೊರಗೆ ಜಾಗ ಬಿಡುವ ಅಗತ್ಯ ಇರಲಿಲ್ಲ.

ಪೇಟೆಯಲ್ಲಿ ಸಿಗುವ ತಯಾರು ಕಪಾಟುಗಳನ್ನೂ ನೋಡಿ ಬಂದೆವು. ಮುಂದಕ್ಕೆ ಬಾಗಿ ತೆರೆಯುವ ಬಾಗಿಲಿನ, ಏಳೆಂಟು ಇಂಚು ಆಳದ ತೆಳ್ಳನೆಯ ಕಪಾಟುಗಳು ಇಕ್ಕಟ್ಟಾದ ಫ್ಲ್ಯಾಟಿನ ಓಣಿಗಳಿಗೆ ಬಹಳ ಅನುಕೂಲ. ಚಪ್ಪಲಿಗಳು ಅದರಲ್ಲಿ ಓರೆಯಾಗಿ ನಿಲ್ಲುತ್ತವೆ. ಸೇಫ್ಟಿ ಶೂ ಅದರೊಳಗೆ ಹೋಗಲಿಲ್ಲ, ಮತ್ತು ಒಳಗೆ ಗಾಳಿ ಆಡುವ ದಾರಿಯೇ ಇರಲಿಲ್ಲ. ಒಣ ಊರಿನಲ್ಲಿ ಅದು ಒಳ್ಳೆಯ ವಸ್ತು ಎಂದು ಈಗಲೂ ಹೇಳುತ್ತೇನೆ. ಪ್ಲಾಸ್ಟಿಕ್ ಕೊಳವೆಗಳನ್ನು ಜೋಡಿಸಿ ಬಟ್ಟೆಯ ಪರದೆ ಇಳಿಬಿಡುವ ಸ್ಟ್ಯಾಂಡುಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಕೊನೆಗೆ ನಮ್ಮ ಓಣಿಯಲ್ಲೇ ಇರುವ ಬಡಿಗೇರ ಕಾಕಾನನ್ನು ಕರೆಸಿದೆವು. ಯುಗಾದಿ ಮುಗಿದು ಒಂದೆರಡು ವಾರ ಆಗಿತ್ತು. ಮಿರಗಕ್ಕಿಂತ ಮೊದಲು ಕಟ್ಟಿಗೆಯ ಕೆಲಸ ಮುಗಿಸಿ ಪಾಲಿಶು, ಬಣ್ಣ ಒಣಗಲು ಬಿಸಿಲು ಸಿಗುವಂತೆ ನೋಡಿಕೊಳ್ಳಬೇಕು ಎಂಬುದು ಇಲ್ಲಿಯ ಬಡಿಗೇರರ ಸಾಮಾನ್ಯ ಲೆಕ್ಕ. ಜಾಗ ನೋಡಿದ ಕೂಡಲೇ ಅವರು, "ಅಕ್ಕಾರ, ಕೆಳಗಿಂದ ಮ್ಯಾಗಿನ ತನಕಾ ಪೂರಾ ಬಂದ್ ಮಾಡಿ ಸನ್‌ಮೈಕಾ ಹೊಡದ ಬಿಡ್ತೀನ್ರಿ, ಒಳಗ ಏನ್ ಐತಿ ಅಂತ ಯಾರಿಗೂ ಕಾಣಂಗಿಲ್ಲ" ಎಂದರು. "ಕಂಡ್ರ ಕಾಣ್ಲಿ ಕಾಕಾ, ಒಣಗಬೇಕ್ರಿ" ಎಂದೆ. ಅವರಿಗೆ ಇದು ಅಷ್ಟು ರುಚಿಸಲಿಲ್ಲ. ಮುಚ್ಚಿದ ಕಪಾಟು ಮಾಡುವುದರಲ್ಲಿ ಕೈಚಳಕ ಕಾಣುತ್ತದೆ, ತೆರೆದ ಹಲಗೆಯಲ್ಲಿ ಏನು ಕಾಣುತ್ತದೆ? ಆದರೂ ಒದ್ದೆಯದ್ದು ಒಂದು ಕಡೆ, ಒಣಗಿದ್ದು ಇನ್ನೊಂದು ಕಡೆ ಎಂಬ ಮಾತನ್ನು ಒಪ್ಪಿದ ಮೇಲೆ ಒಳ್ಳೆಯ ಸಲಹೆ ಬಂದದ್ದು ಅವರಿಂದಲೇ. ಒದ್ದೆ ಬೂಟು ಇಡುವ ಜಾಗಕ್ಕೆ ಕಟ್ಟಿಗೆಯೇ ಬೇಡ, ಅಡುಗೆಮನೆಯ ಹಲಗೆಗಳಂತೆ ಕಡಪಾ ಕಲ್ಲು ಹಾಕಿಸಿರಿ ಎಂದರು.

ಕಡಪಾ ಕಲ್ಲಿನ ಹಲಗೆ ನಮ್ಮ ಕಡೆಯ ಅಡುಗೆಮನೆ, ಬಚ್ಚಲುಗಳಲ್ಲಿ ಎಲ್ಲರೂ ಕಂಡದ್ದೇ. ಚಪ್ಪಲಿಯ ಜಾಗಕ್ಕೆ ಅದು ನನಗೆ ಹೊಳೆದಿರಲಿಲ್ಲ. ಅದು ಒಂದು ಬಗೆಯ ಸುಣ್ಣದಕಲ್ಲು. ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ತುಕ್ಕಿನ ಮಾತೇ ಇಲ್ಲ. ಭಾರ ಮಾತ್ರ ಹೆಚ್ಚು: ಇಂಚು ದಪ್ಪದ ಕಲ್ಲು ಚದರ ಫೂಟಿಗೆ ಸುಮಾರು ಆರು ಕಿಲೋ ಬರುತ್ತದೆ, ಅಂದರೆ ನಾಲ್ಕು ಫೂಟು ಉದ್ದ, ಒಂದು ಫೂಟು ಅಗಲದ ಹಲಗೆಯೊಂದು ಇಪ್ಪತ್ತೈದು ಕಿಲೋ ಹತ್ತಿರ. ಅದಕ್ಕಾಗಿ ಕೆಳಗೆ ಕಲ್ಲಿನದೇ ನಿಲುವುಗಳನ್ನು ಕೊಟ್ಟು ಎರಡು ಅಂತಸ್ತು ಮಾಡಿಸಿದೆವು. ಕೆಳಗಿನದು ನೆಲದಿಂದ ಮೂರು ಇಂಚು ಮೇಲೆ, ಕಸಬರಿಗೆ ಮತ್ತು ನೀರು ಅಡಿಯಲ್ಲಿ ಹಾದುಹೋಗುವಂತೆ. ಎರಡನೆಯದು ಅದರ ಮೇಲೆ ಏಳು ಇಂಚು ಬಿಟ್ಟು. ಎರಡೂ ಹಲಗೆಗಳಿಗೆ ಮುಂದಕ್ಕೆ ಎರಡು ಸೂತು (ಕಾಲು ಇಂಚು) ಇಳಿಜಾರು ಕೊಟ್ಟದ್ದರಿಂದ ಬೂಟಿನಿಂದ ಸೋರಿದ ನೀರು ನಿಲ್ಲದೆ ಫರಶಿಗೆ ಇಳಿದು ನಲ್ಲಿಯ ಮೋರಿಗೆ ಸೇರುತ್ತದೆ. ಪಾಲಿಶು ಮಾಡಿದ ಬದಿ ಕೆಳಗೆ, ಒರಟು ಬದಿ ಮೇಲೆ ಇರಲಿ ಎಂದು ಕಲ್ಲಿನವರಿಗೆ ಹೇಳಿದಾಗ ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಒದ್ದೆಯಾದ ನುಣುಪು ಕಲ್ಲಿನ ಮೇಲೆ ಓರೆಯಲ್ಲಿಟ್ಟ ರಬ್ಬರ್ ಚಪ್ಪಲಿ ಜಾರಿ ಬೀಳುತ್ತದೆ ಎಂಬುದು ನನ್ನ ಕಾರಣ. ಸುಣ್ಣದಕಲ್ಲಾದ್ದರಿಂದ ಇದಕ್ಕೆ ಬಚ್ಚಲು ತೊಳೆಯುವ ಆಸಿಡ್ ತಗಲಿಸಬಾರದು, ತಗಲಿದಲ್ಲಿ ಬಿಳಿಚಿಕೊಳ್ಳುತ್ತದೆ. ಬರಿಯ ನೀರು, ತೆಂಗಿನ ನಾರಿನ ಬ್ರಷ್ಷು ಸಾಕು.

ಈ ಕಲ್ಲಿನ ಮೇಲೆಯೇ ಕೂಡ್ರುವ ಹಲಗೆ ಬಂತು. ಅತ್ತೆಯವರನ್ನು ಬೇರೆ ಬೇರೆ ಎತ್ತರದ ಕುರ್ಚಿ, ಸ್ಟೂಲುಗಳ ಮೇಲೆ ಕೂಡ್ರಿಸಿ ನೋಡಿ ಹದಿನೆಂಟು ಇಂಚು ಎಂದು ಗೊತ್ತುಮಾಡಿದೆವು. ಅದಕ್ಕಿಂತ ತಗ್ಗಾದರೆ ಏಳುವಾಗ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ, ಎತ್ತರವಾದರೆ ಬಾಗಿ ಪಟ್ಟಿ ಹಾಕಿಕೊಳ್ಳಲು ಕಾಲು ನೆಲಕ್ಕೆ ಊರುವುದಿಲ್ಲ. ಏಳಲು ಆಸರೆಯಾಗಿ ಪಕ್ಕದ ಗೋಡೆಗೆ ಒಂದು ಸ್ಟೀಲಿನ ಹಿಡಿಕೆ. ಹಲಗೆಗೆ ಹದಿನೆಂಟು ಮಿಲಿಮೀಟರ್ ಪ್ಲೈವುಡ್ ತರುವಾಗ ಅಂಗಡಿಯವರು ಎಲ್ಲವನ್ನೂ 'ವಾಟರ್‌ಪ್ರೂಫ್' ಎಂದೇ ಹೇಳುತ್ತಾರೆ. ಹಲಗೆಯ ಮೇಲಿನ ಮುದ್ರೆಯಲ್ಲಿ ಐಎಸ್ 710 ಎಂದು ಇದೆಯೇ ಎಂದು ನೋಡಿ ತರಬೇಕು. ಆ ಭಾರತೀಯ ಮಾನಕದ ಪ್ಲೈವುಡ್ಡಿನ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಅಷ್ಟಾದರೂ ಕೊಯ್ದ ಅಂಚು ಬರಿದಾಗಿ ಉಳಿದರೆ ಅಲ್ಲಿಂದ ತೇವ ಹಿಡಿಯುತ್ತದೆ. ಆದ್ದರಿಂದ ಕಣ್ಣಿಗೆ ಕಾಣದ ಹಿಂಬದಿಯ ಅಂಚಿಗೂ ಪ್ರೈಮರ್ ಮತ್ತು ಬಣ್ಣ ಹೊಡೆಸಿದೆ.

ಎದುರು ಬದಿಯ ಗೋಡೆಗೆ, ಎರಚಲು ತಲುಪದ ಮೂಲೆಯಲ್ಲಿ, ಒಣಗಿದ ಕಾಲ್ಮರಿಗಳ ಕಪಾಟು. ಹದಿಮೂರು ಇಂಚು ಆಳ, ಹಲಗೆ ಹಲಗೆಗಳ ನಡುವೆ ಆರೂವರೆ ಇಂಚು, ಒಂದು ಜೊತೆಗೆ ಅಡ್ಡಲಾಗಿ ಒಂಬತ್ತು ಇಂಚು ಎಂದು ಹಿಡಿದು ಅಳತೆ ಹಾಕಿದೆವು. ಕೆಳಗಿನ ಒಂದು ಖಣ ಮಾತ್ರ ಹತ್ತು ಇಂಚು ಎತ್ತರ. ಇದಕ್ಕೆ ಬಾಗಿಲು ಬೇಕೇಬೇಕು, ಏಕೆಂದರೆ ಓಣಿಯ ನಾಯಿಗಳು ಗ್ರಿಲ್ಲಿನ ಸಂದಿನಿಂದ ಮೂತಿ ತೂರಿಸಿ ಎಳೆದೊಯ್ಯುವ ಚಪ್ಪಲಿಗೆ ಜೋಡಿ ಹುಡುಕುವುದು ಬಹಳ ಬೇಸರದ ಕೆಲಸ. ಮಳೆಗಾಲದಲ್ಲಿ ಬೂಟಿನೊಳಗೆ ಕಪ್ಪೆ, ಅಪರೂಪಕ್ಕೆ ಚೇಳು ಸೇರುವುದೂ ಉಂಟು. ಬಾಗಿಲಿಗೆ ಹಲಗೆಯ ಬದಲು ಸಣ್ಣ ಕಣ್ಣಿನ ಸ್ಟೀಲ್ ಜಾಳಿ ಕೂಡ್ರಿಸಿದೆವು, ಹಿಂಬದಿಗೆ ಹಲಗೆ ಹೊಡೆಯದೆ ಗೋಡೆಯಿಂದ ಒಂದು ಇಂಚು ದೂರ ನಿಲ್ಲಿಸಿ ಅಲ್ಲಿಯೂ ಜಾಳಿಯನ್ನೇ ಹಾಕಿಸಿದೆವು. ಸ್ಟೀಲಿನಲ್ಲಿಯೂ ಭೇದವಿದೆ. 304 ಎಂಬ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ, ತೇವದಲ್ಲಿ ಬೇಗ ಕಲೆ ಹಿಡಿಯುತ್ತದೆ. ಅಯಸ್ಕಾಂತ ಹಚ್ಚಿ ನೋಡಿದರೆ ತಿಳಿಯುತ್ತದೆ ಎಂದು ಹೇಳುವವರಿದ್ದಾರೆ, ಆದರೆ ಈ ಎರಡೂ ಅಯಸ್ಕಾಂತಕ್ಕೆ ಹತ್ತುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ಗೊತ್ತಾಗದು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ.

ರೇನ್‌ಕೋಟಿನ ಗೂಟಗಳು ಇಷ್ಟು ಸಲೀಸಾಗಲಿಲ್ಲ. ಹಳೆಯ ಮನೆಯ ಇಟ್ಟಿಗೆಗಳನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿ ಮೇಲೆ ಸುಣ್ಣದ ಗಿಲಾಯಿ ಮಾಡಿದ್ದಾರೆ. ಡ್ರಿಲ್ ಮಷೀನು ಇಟ್ಟಿಗೆಗೆ ಬಿದ್ದರೆ ಗಟ್ಟಿ, ಸಂದಿಗೆ ಬಿದ್ದರೆ ಕೆಂಪು ಮಣ್ಣು ಬುಳುಬುಳನೆ ಸುರಿದು ಪ್ಲಗ್ ಕೈಯಲ್ಲೇ ಹೊರಗೆ ಬರುತ್ತದೆ. ಗಿಲಾಯಿಯ ಮೇಲಿಂದ ಸಂದು ಎಲ್ಲಿದೆಯೆಂದು ಯಾರಿಗೂ ಕಾಣುವುದಿಲ್ಲ. ಒದ್ದೆ ರೇನ್‌ಕೋಟು, ಅದರ ಪ್ಯಾಂಟು, ಮಗಳ ಶಾಲೆಯ ಚೀಲ ಎಲ್ಲವೂ ಒಂದೇ ಗೂಟಕ್ಕೆ ಜೋತುಬಿದ್ದರೆ ಅಂಥ ಗೂಟ ಉಳಿಯುವ ಭರವಸೆ ಇಲ್ಲ. ಬಡಿಗೇರ ಕಾಕಾ ಹಳೆಯ ಸಾಗವಾನಿ ಚೌಕಟ್ಟಿನದೊಂದು ತುಂಡನ್ನು ಸೀಳಿ ನಾಲ್ಕು ಇಂಚು ಅಗಲದ ಎರಡು ಪಟ್ಟಿಗಳನ್ನು ಮಾಡಿದರು. ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ, ಸದ್ದು ಕೇಳುತ್ತ, ಗಟ್ಟಿ ಇದ್ದಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ, ಆ ಗುರುತುಗಳಿಗೆ ಸರಿಯಾಗಿ ಪಟ್ಟಿಗೆ ತೂತು ಹೊಡೆದು ಬಿಗಿದರು. ಗೂಟಗಳೆಲ್ಲ ಪಟ್ಟಿಗೆ, ಪಟ್ಟಿ ಮಾತ್ರ ಗೋಡೆಗೆ, ಭಾರ ಹಂಚಿಹೋಗುತ್ತದೆ. ಮೇಲಿನ ಪಟ್ಟಿ ನೆಲದಿಂದ ಐದೂವರೆ ಫೂಟು ಎತ್ತರ, ದೊಡ್ಡವರ ಉದ್ದನೆಯ ಕೋಟು ನೆಲಕ್ಕೆ ತಾಗದಂತೆ. ಕೆಳಗಿನದು ಪಕ್ಕಕ್ಕೆ ಸರಿಸಿ ಮೂರೂವರೆ ಫೂಟಿಗೆ, ಮಗಳ ಕೈಗೆ ಎಟುಕುವಂತೆ. ಗೂಟದಿಂದ ಗೂಟಕ್ಕೆ ಎಂಟು ಇಂಚು ಇಟ್ಟೆವು, ಆದರೆ ಮಳೆಗಾಲದಲ್ಲಿ ಒಂದು ಬಿಟ್ಟು ಒಂದಕ್ಕೆ ಕೋಟು ಹಾಕಿದರಷ್ಟೇ ನಡುವೆ ಗಾಳಿ ಹಾಯುತ್ತದೆ. ಕೋಟನ್ನು ಮೊದಲು ಹೊರಮೈ ಹೊರಗಿರುವಂತೆ ತೂಗುಹಾಕಿ, ನೀರಿಳಿದ ಮೇಲೆ ಒಳಮೈ ತಿರುವಿ ಹಾಕಬೇಕು. ಬೆವರು ಮತ್ತು ಹಬೆಯ ತೇವ ಒಳಗಡೆಯೇ ಇರುತ್ತದೆ. ಒದ್ದೆಯಿದ್ದಾಗಲೇ ಮಡಚಿ ಗಾಡಿಯ ಡಿಕ್ಕಿಯಲ್ಲಿ ಇಡುವ ರೂಢಿಯಿಂದ ಹೊಲಿಗೆಯ ಮೇಲಿನ ಟೇಪು ಏಳುತ್ತದೆ, ಅಲ್ಲಿಂದ ನೀರು ಒಳಬರುತ್ತದೆ. ಛತ್ರಿಗಳಿಗೆ ಪಟ್ಟಿಯ ಕೊನೆಯಲ್ಲಿ ಎರಡು ಗೂಟ, ಅಡಿಯಲ್ಲಿ ಒಂದು ತಟ್ಟೆ. ಅದರ ಬಗ್ಗೆ ಇಷ್ಟು ಸಾಕು.

ಚಳಿಯ ಬಟ್ಟೆಗಳು ಹೊರಗೆ ಇರುವಂತಿಲ್ಲ. ಹೊಸ್ತಿಲು ದಾಟಿದ ಕೂಡಲೇ ಬಲಗಡೆಯ ದಪ್ಪ ಗೋಡೆಯಲ್ಲಿ ಹಳೆಯ ಕಾಲದ ಗೋಡೆ ಕಪಾಟೊಂದಿದೆ, ಹದಿಮೂರು ಇಂಚು ಆಳ, ಎರಡೂವರೆ ಫೂಟು ಅಗಲ. ಅಲ್ಲಿ ಅಡ್ಡ ರಾಡು ಹಾಕಿ ಹ್ಯಾಂಗರು ತೂಗಿಸೋಣವೆಂದರೆ ದೊಡ್ಡವರ ಹ್ಯಾಂಗರಿನ ಅಗಲ ಹದಿನೇಳು ಇಂಚು. ಅದರ ಮೇಲೆ ಜರ್ಕಿನ್ನು ಏರಿದರೆ ಎರಡು ಫೂಟು ಆಳ ಬೇಕು. ಬಾಗಿಲು ಹಾಕಲು ಬರುವುದಿಲ್ಲ. ಇದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮುಂದಕ್ಕೆ ಎಳೆಯುವ ಸಣ್ಣ ರಾಡು ಸಿಗುತ್ತದೆ. ಅದನ್ನು ಕಪಾಟಿನ ಮೇಲ್ಹಲಗೆಗೆ ಗೋಡೆಯಿಂದ ಬಾಗಿಲಿನ ದಿಕ್ಕಿಗೆ ಬಿಗಿದರೆ ಹ್ಯಾಂಗರುಗಳು ನಮ್ಮ ಕಡೆ ಮುಖ ಮಾಡಿ ಒಂದರ ಹಿಂದೊಂದು ನಿಲ್ಲುತ್ತವೆ. ಒಂದು ರಾಡಿಗೆ ಐದಾರು ಸ್ವೆಟರು ಹಿಡಿಯುತ್ತವೆ. ಹಿಂದಿನದನ್ನು ತೆಗೆಯಲು ರಾಡು ಎಳೆಯಬೇಕು, ಅಷ್ಟೇ ತೊಂದರೆ. ಹೆಣೆದ ಉಣ್ಣೆಯ ಭಾರದ ಸ್ವೆಟರುಗಳು ಹ್ಯಾಂಗರಿನ ಮೇಲೆ ಭುಜದಲ್ಲಿ ಜೋಲುವುದರಿಂದ ಅವನ್ನು ಮಡಚಿ ಕೆಳಗಿನ ಹಲಗೆಗೆ ಇಟ್ಟೆ.

ಇನ್ನು ಮಾವನವರ ಚಪ್ಪಲಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿ ಕಡೆ ಇದನ್ನು ತಲೆಮಾರುಗಳಿಂದ ಹೊಲಿಯುತ್ತಿರುವುದನ್ನು ಬಲ್ಲ ಮಾವನವರಿಗೆ ಆ ಸುದ್ದಿಯಲ್ಲಿ ಹೊಸದೇನೂ ಇರಲಿಲ್ಲ. ಗಿಡದ ತೊಗಟೆ, ಕಾಯಿಗಳಿಂದ ಹದ ಮಾಡಿದ ತೊಗಲು, ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹಾಕಿದ ಹೊಲಿಗೆ. ಇಂಥ ತೊಗಲು ನೀರು ಹೀರುತ್ತದೆ, ಮತ್ತು ವಾತಾವರಣದ ತೇವ ಬಹಳ ದಿನ ಹಾಗೆಯೇ ಉಳಿದರೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಮೊದಲು ಕಾಣಿಸಿಕೊಳ್ಳುವುದು ಮೇಲ್ಭಾಗದಲ್ಲಿ ಅಲ್ಲ. ಹೆಬ್ಬೆರಳು ತೂರಿಸುವ ಉಂಗುಷ್ಟ ಅಟ್ಟೆಯನ್ನು ಸೇರುವ ಬುಡದಲ್ಲಿ ಮತ್ತು ಹೊಲಿಗೆಯ ಗುಳಿಗಳಲ್ಲಿ, ಬೂದು ಮಿಶ್ರಿತ ಹಸಿರಿನ ಸಣ್ಣ ಚುಕ್ಕಿಗಳಾಗಿ. ಹಳೆಯ ಕಪಾಟಿನಲ್ಲಿ ಪ್ರತಿ ವರ್ಷ ಶ್ರಾವಣದ ಹೊತ್ತಿಗೆ ಈ ಚುಕ್ಕಿಗಳು ಮೂಡುತ್ತಿದ್ದವು. ಈಗ ಅವರು ಮಿರಗದ ಮೊದಲೇ ಆ ಜೊತೆಗಳನ್ನು ಒಣ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿ, ಅಂಗೈಯಲ್ಲಿ ಹರಡುವಷ್ಟೇ ಕೊಬ್ಬರಿ ಎಣ್ಣೆ ಸವರಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಒಳಗಿನ ಗೋಡೆ ಕಪಾಟಿನ ಮೇಲಿನ ಖಣದಲ್ಲಿ ಇಡುತ್ತಾರೆ. ಪ್ಲಾಸ್ಟಿಕ್ ಚೀಲ ಅಲ್ಲಿ ಸಲ್ಲದು. ಬಿಸಿಲಿಗೂ ಇಡುವುದಿಲ್ಲ, ನೇರ ಬಿಸಿಲಿಗೆ ತೊಗಲು ಸೆಟೆದು ಅಂಚು ಮೇಲೇಳುತ್ತದೆ. ಮಳೆಗಾಲ ಪೂರ್ತಿ ಅವರೂ ನಮ್ಮಂತೆ ರಬ್ಬರ್ ಚಪ್ಪಲಿಯವರೇ, ಗೊಣಗುತ್ತ.

ಕಲ್ಲಿನ ಮೇಲೆ ಇಟ್ಟ ಮಾತ್ರಕ್ಕೆ ಬೂಟು ಒಣಗುವುದಿಲ್ಲ ಎಂಬುದು ಪುನರ್ವಸು, ಪುಷ್ಯ ಮಳೆಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಸೇಫ್ಟಿ ಶೂಗಳ ಲೇಸು ಸಡಿಲಿಸಿ, ನಾಲಗೆ ಮುಂದಕ್ಕೆ ಎಳೆದು, ಒಳಗಿನ ಮೆತ್ತೆ ಹೊರತೆಗೆದು, ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ಮೂತಿಯವರೆಗೆ ತುರುಕಬೇಕು. ರಾತ್ರಿ ಊಟವಾದ ಮೇಲೆ ಆ ಒದ್ದೆ ಕಾಗದ ತೆಗೆದು ಒಣ ಕಾಗದ ತುಂಬಬೇಕು. ಈ ಎರಡನೆಯ ಸರತಿಯನ್ನು ಬಿಟ್ಟರೆ ಮೊದಲನೆಯದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಒದ್ದೆಯಾದ ಕಾಗದ ಬೂಟಿನೊಳಗೇ ತೇವವನ್ನು ಹಿಡಿದು ಕೂಡುತ್ತದೆ. ಯಜಮಾನರಿಗೆ ಎರಡು ಜೊತೆ ಬೂಟು ಇರುವುದರಿಂದ ಒಂದು ದಿನ ಬಿಟ್ಟು ಒಂದು ದಿನ ಹಾಕಿಕೊಳ್ಳುತ್ತಾರೆ. ಕೂಡ್ರುವ ಹಲಗೆಯ ಅಡಿಯಲ್ಲಿ ಒಂದು ಸಣ್ಣ ಫ್ಯಾನು ಕೂಡ್ರಿಸೋಣವೆಂದು ಅವರು ಹೇಳಿದ್ದರು. ಎರಚಲಿನ ಜಾಗದಲ್ಲಿ ವಿದ್ಯುತ್ತಿನ ತಂತಿ ಬೇಡವೆಂದು ನಾನು ಒಪ್ಪಲಿಲ್ಲ. ಬಹಳ ಒದ್ದೆಯಾದ ದಿನ ಪಡಸಾಲೆಯ ಮೇಲ್ಚಾವಣಿಯ ಫ್ಯಾನನ್ನೇ ನಿಧಾನವಾಗಿ ಬಿಟ್ಟಿರುತ್ತೇವೆ. ಒಣಗಿದ್ದು ಜಾಳಿಯ ಕಪಾಟಿಗೆ ದಾಟುತ್ತದೆ, ಒಣಗದ್ದು ಕಲ್ಲಿನ ಮೇಲೆಯೇ ಉಳಿಯುತ್ತದೆ. ಮಗಳು ಬೆರಳು ಒಳಗೆ ತೂರಿಸಿ ಪರೀಕ್ಷಿಸಿ, "ಇದಿನ್ನೂ ಹಸಿ ಐತಿ ಮಮ್ಮಿ" ಎಂದು ತೀರ್ಪು ಕೊಡುವ ಅಧಿಕಾರ ಪಡೆದಿದ್ದಾಳೆ.

ಖರ್ಚಿನ ಮಾತು ಹೇಳಬೇಕೆಂದರೆ, ಒಟ್ಟು ಲೆಕ್ಕದಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚಾಯಿತು, ಸಾಮಾನಿನಲ್ಲಿ ಸ್ಟೀಲ್ ಜಾಳಿಯೇ ತುಟ್ಟಿಯಾಯಿತು. ಕಲ್ಲು ನಾನು ಅಂದುಕೊಂಡದ್ದಕ್ಕಿಂತ ಅಗ್ಗಕ್ಕೆ ಸಿಕ್ಕಿತು, ಆದರೆ ಅದನ್ನು ಹೊತ್ತು ತಂದು ಕೂಡ್ರಿಸುವವರ ಕೂಲಿಯನ್ನು ಬೇರೆಯಾಗಿಯೇ ಮಾತಾಡಿಕೊಳ್ಳಬೇಕು. ಬಾಡಿಗೆ ಮನೆಯಲ್ಲಿರುವವರು ಕಲ್ಲು ಕಟ್ಟಿಸಿ ಕೂಡ್ರಿಸುವ ಗೋಜಿಗೆ ಹೋಗಬೇಕಿಲ್ಲ; ನಾಲ್ಕು ಇಟ್ಟಿಗೆಗಳ ಮೇಲೆ ಒಂದು ಸಡಿಲ ಕಡಪಾ ಹಲಗೆಯನ್ನು ಇಟ್ಟರೂ ಕೆಲಸ ನಡೆಯುತ್ತದೆ, ಮನೆ ಬಿಡುವಾಗ ಜೊತೆಗೆ ಒಯ್ಯಲೂ ಬರುತ್ತದೆ.

ಗಣಪತಿಯ ಹಬ್ಬದಲ್ಲಿ ಮನೆಗೆ ಬರುವ ಇಪ್ಪತ್ತು ಮೂವತ್ತು ಜನರ ಚಪ್ಪಲಿಗಳನ್ನು ಈ ಏರ್ಪಾಡು ತಡೆಯಲಾರದು, ತಡೆಯಬೇಕೆಂದು ಮಾಡಿಸಿದ್ದೂ ಅಲ್ಲ. ಆ ದಿನಗಳಲ್ಲಿ ಗೇಟಿನಿಂದ ಕಟ್ಟೆಯವರೆಗೆ ಉದ್ದನೆಯ ರಬ್ಬರ್ ಚಾಪೆ ಹಾಸುತ್ತೇವೆ, ಹೊಸ್ತಿಲಿನ ಎರಡು ಫೂಟಿನ ಗೆರೆಯೊಳಗೆ ಯಾರಾದರೂ ಬಿಟ್ಟರೆ ಅತ್ತೆಯವರೇ ಕೋಲಿನ ತುದಿಯಿಂದ ಸರಿಸುತ್ತಾರೆ. ಎರಚಲಿನ ತೊಂದರೆ ಮಾತ್ರ ಇನ್ನೂ ಪೂರ್ತಿ ತೀರಿಲ್ಲ. ಗಾಳಿ ಜೋರಾದ ದಿನ ಕಲ್ಲಿನ ಗ್ರಿಲ್ ಬದಿಯ ತುದಿ ತೋಯುತ್ತದೆ. ಬರುವ ಬೇಸಿಗೆಯಲ್ಲಿ ಗ್ರಿಲ್ಲಿನ ಮೇಲೆ ಮುಂದಕ್ಕೆ ಎರಡು ಫೂಟು ಚಾಚುವಂತೆ ತಗಡಿನ ಪತ್ರಾಸು ಹಾಕಿಸಬೇಕೆಂದು ವೆಲ್ಡಿಂಗಿನವರಿಗೆ ಅಳತೆ ಕೊಟ್ಟಿದ್ದೇವೆ.